ಪಿಸ್ತೂಲಿಗೆ ಬ್ಯಾಟರಿ ಕಟ್ಟಿದರೆ...

ಸಂಗೊಳ್ಳಿಯ ಹತ್ತನೆಯ ಇಯತ್ತೆಯ ವಿದ್ಯಾರ್ಥಿಯೊಬ್ಬ ಹೀಗೆ ಕೇಳಿದ್ದಾನೆ: ‘ಸಿನೆಮಾದಲ್ಲಿ ಪೊಲೀಸರ ಪಿಸ್ತೂಲಿನ ಮೂತಿಯ ಕೆಳಗೆ ಸಣ್ಣ ಬ್ಯಾಟರಿ ಹಾಕಿರುತ್ತಾರೆ. ಆ ಪಿಸ್ತೂಲು ಪ್ಲಾಸ್ಟಿಕ್ಕಿನದಂತೆ. ಪ್ಲಾಸ್ಟಿಕ್ಕಿಗೆ ಭಾರ ಕಟ್ಟಿದರೆ ಅದು ಸಮಯಕ್ಕೆ ಕೈಕೊಡುವುದಿಲ್ಲವೇ?’

ಪಾಲಕರು ಹುಬ್ಬೇರಿಸಬೇಕಾಗಿಲ್ಲ. ರಾಯಣ್ಣನ ಹೆಸರಿನ ಸೈನಿಕ ಶಾಲೆ ಇರುವ ಊರು ಅದು. ಸುತ್ತಲಿನ ಹಳ್ಳಿಗಳಿಂದ ಸೈನ್ಯಕ್ಕೆ, ಪೊಲೀಸ್ ಇಲಾಖೆಗೆ ಸೇರುವ ಹುಡುಗರೂ ಬಹಳ. ಪ್ರಶ್ನೆಯ ಒಳಗಿರುವುದಾದರೋ ನಮ್ಮ ಪಠ್ಯಪುಸ್ತಕದ ನ್ಯೂಟನ್ನನೇ.

ಮೊದಲು ನಮ್ಮ ಸೀಮೆಯ ಬಂದೂಕನ್ನೇ ನೋಡೋಣ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಸಾಹೇಬ ಬಿದ್ದದ್ದು ಅಮಟೂರು ಬಾಳಪ್ಪನ ಗುಂಡಿಗೆ ಎಂದು ಹೇಳುತ್ತಾರೆ. ಆ ಕಾಲದ ಬಂದೂಕಿಗೆ ಮೂತಿಯಿಂದಲೇ ಮದ್ದು-ಗುಂಡು ತುಂಬಬೇಕು. ಹಾರಿಸಿದ ಮೇಲೆ ಮತ್ತೆ ತುಂಬುವವನು ಮನುಷ್ಯನೇ. ಅಂಥ ಬಂದೂಕಿಗೆ ನೀವು ಕಂದೀಲು ಕಟ್ಟಿದರೂ ಗುರಿ ತಪ್ಪೀತೇ ಹೊರತು ಮುಂದಿನ ಗುಂಡು ಸಿಕ್ಕಿಕೊಳ್ಳುವ ಮಾತೇ ಇಲ್ಲ.

ಇಂದಿನ ಪಿಸ್ತೂಲು ಹಾಗಲ್ಲ. ತುಂಬುವ ಕೆಲಸವನ್ನು ಅದು ಒದೆತದ ಬಲದಿಂದ ತಾನೇ ಮಾಡಿಕೊಳ್ಳುತ್ತದೆ. ಗುಂಡು ಮುಂದಕ್ಕೆ ಹೋದರೆ ಮೇಲಿನ ಉಕ್ಕಿನ ಭಾಗ (ಸ್ಲೈಡ್ ಎನ್ನುತ್ತಾರೆ) ಹಿಂದಕ್ಕೆ ಓಡಿ, ಖಾಲಿ ತೋಟೆಯನ್ನು ಹೊರಗೆಸೆದು, ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ಬರುವಾಗ ಹೊಸ ತೋಟೆಯನ್ನು ಒಳಗೆ ತಳ್ಳುತ್ತದೆ. ಇಷ್ಟೂ ಆಗುವುದು ಸೆಕೆಂಡಿನ ಸುಮಾರು ಇಪ್ಪತ್ತನೆಯ ಒಂದು ಭಾಗದಲ್ಲಿ! ಆ ಅವಧಿಯ ಒಂದು ತುಣುಕಿನಲ್ಲಿಯೇ ಹಿಡಿಕೆಯೊಳಗಿನ ಮ್ಯಾಗಜಿನ್ನಿನ ಸ್ಪ್ರಿಂಗು ಮುಂದಿನ ತೋಟೆಯನ್ನು ಮೇಲೆತ್ತಿ ಸಿದ್ಧವಾಗಿರಿಸಬೇಕು.

ಈಗ ಮನೆಯಲ್ಲಿ ಹಗುರವಾದ, ಡ್ರಾಯರ್ ಇರುವ ಸಣ್ಣ ಮೇಜೊಂದನ್ನು ಹುಡುಕಿ. ಡ್ರಾಯರ್ ತುಸು ಬಿಗಿಯಾಗಿದ್ದರೆ ಇನ್ನೂ ಒಳ್ಳೆಯದು. ಅದನ್ನು ಜಗ್ಗಿದರೆ ಮೇಜೂ ಜೊತೆಗೆ ಸರಿದು ಬರುತ್ತದೆ, ಡ್ರಾಯರ್ ಅರ್ಧವೇ ತೆರೆಯುತ್ತದೆ. ಮೇಜಿನ ಮೇಲೆ ಪುಸ್ತಕದ ರಾಶಿ ಇಟ್ಟು ಅಷ್ಟೇ ಬಲದಿಂದ ಮತ್ತೆ ಜಗ್ಗಿ. ಮೇಜು ಕದಲುವುದಿಲ್ಲ, ಡ್ರಾಯರ್ ಸರ್ರನೆ ಪೂರ್ತಿ ಹೊರಗೆ ಬರುತ್ತದೆ. ಇಲ್ಲಿ ಡ್ರಾಯರ್ ಎಂದರೆ ಸ್ಲೈಡು, ಮೇಜು ಎಂದರೆ ಹಿಡಿಕೆಯಿರುವ ಪ್ಲಾಸ್ಟಿಕ್ ಚೌಕಟ್ಟು. ಪಿಸ್ತೂಲನ್ನು ಸಡಿಲವಾಗಿ ಹಿಡಿದವನ ಕೈಯಲ್ಲಿ ತೋಟೆ ಸಿಕ್ಕಿಕೊಳ್ಳುವುದು ಮೇಜು ಜೊತೆಗೇ ಸರಿದು ಬರುವುದರಿಂದ.

ಬ್ಯಾಟರಿ ಮಾಡುವ ಕೆಲಸ ಪುಸ್ತಕದ ರಾಶಿಯದು. ಆಸ್ಟ್ರಿಯಾ ದೇಶದ ಸೈನ್ಯ 1982ರಲ್ಲಿ ಒಪ್ಪಿಕೊಂಡ ಗ್ಲಾಕ್ 17 ಪಿಸ್ತೂಲಿನ ಚೌಕಟ್ಟು ನೈಲಾನ್ ಜಾತಿಯ ಪಾಲಿಮರಿನದು. ಮ್ಯಾಗಜಿನ್ ಬಿಟ್ಟು ಇಡೀ ಪಿಸ್ತೂಲಿನ ತೂಕ ಸುಮಾರು 630 ಗ್ರಾಂ. ಬ್ಯಾಟರಿಯ ತೂಕ 110 ಗ್ರಾಂ ಎಂದುಕೊಳ್ಳಿ, ಆರನೆಯ ಒಂದು ಪಾಲಿಗಿಂತ ಹೆಚ್ಚೇ ಆಯಿತು. ಅದೂ ಮೂತಿಯ ಹತ್ತಿರ. ಆದ್ದರಿಂದ ಮೂತಿ ಕಡಿಮೆ ಎಗರುತ್ತದೆ, ಚೌಕಟ್ಟು ಕಡಿಮೆ ಸರಿಯುತ್ತದೆ, ಚೌಕಟ್ಟಿಗೆ ಹೋಲಿಸಿದರೆ ಸ್ಲೈಡು ಹೆಚ್ಚು ವೇಗದಿಂದ ಓಡುತ್ತದೆ. ಸಡಿಲ ಕೈಯವನಿಗೆ ಇದರಿಂದ ಉಪಕಾರವೇ ಆದೀತು! ಆದರೆ ಸ್ಲೈಡು ಹೋಗಿ ಬರುವ ಹೊತ್ತಿಗೆ ಮ್ಯಾಗಜಿನ್ನಿನ ಸ್ಪ್ರಿಂಗು ತೋಟೆಯನ್ನು ಎತ್ತಿಯೇ ಇರದಿದ್ದರೆ?

ಅಮೆರಿಕದ ಕೆಲವು ಪೊಲೀಸ್ ಇಲಾಖೆಗಳಿಗೆ 2000ದ ದಶಕದಲ್ಲಿ ಎದುರಾದದ್ದು ಇದೇ. ಅವರ ಬಳಿ ಇದ್ದದ್ದು ಗ್ಲಾಕ್ 22, ಮೂಲತಃ 9 ಮಿಲಿಮೀಟರಿಗೆಂದು ಮಾಡಿದ ವಿನ್ಯಾಸಕ್ಕೆ .40 ಅಳತೆಯ ತೋಟೆ. ಲೆಕ್ಕ ಹಾಕಿ ನೋಡಿ: 9 ಮಿ.ಮೀ. ಗುಂಡು 8 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 350 ಮೀಟರ್, ಸಂವೇಗ 2.8. ಇನ್ನೊಂದರ ಗುಂಡು 11.7 ಗ್ರಾಂ, ವೇಗ ಸುಮಾರು 300, ಸಂವೇಗ 3.5. ಒದೆತ ಕಾಲು ಭಾಗ ಹೆಚ್ಚು. ಬರಿಯ ಪಿಸ್ತೂಲು ಸರಿಯಾಗಿಯೇ ನಡೆಯುತ್ತಿತ್ತು, ಬ್ಯಾಟರಿ ಹಾಕಿದೊಡನೆ ಕೆಲವು ತಡೆಯತೊಡಗಿದವು. ಮ್ಯಾಗಜಿನ್ನಿಗೆ ಹೆಚ್ಚು ಬಲದ ಸ್ಪ್ರಿಂಗು ಹಾಕಿದ್ದು ಒಂದು ಪರಿಹಾರ. 2010ರಲ್ಲಿ ಬಂದ ನಾಲ್ಕನೆಯ ಪೀಳಿಗೆಯಲ್ಲಿ ಸ್ಲೈಡಿನ ಸ್ಪ್ರಿಂಗನ್ನೇ ಜೋಡಿ ಮಾಡಿದರು. 9 ಮಿ.ಮೀ. ಪಿಸ್ತೂಲುಗಳಲ್ಲಿ ಈ ತೊಂದರೆ ಅಷ್ಟಾಗಿ ಕಾಣಲಿಲ್ಲ. ಹೀಗಾಗಿ ‘ಪ್ಲಾಸ್ಟಿಕ್ಕು, ಅದಕ್ಕೇ ಕೆಟ್ಟಿತು’ ಎಂಬ ತೀರ್ಪು ನನಗೆ ಒಪ್ಪಿಗೆಯಿಲ್ಲ. ಪ್ಲಾಸ್ಟಿಕ್ಕು ಬಾಗುತ್ತದೆ, ನಿಜ. ಹಗುರವಾದ್ದರಿಂದ ಅದರ ಮೇಲೆ ಸಣ್ಣ ಭಾರವೂ ದೊಡ್ಡದೇ. ಆದರೆ ತಪ್ಪಿದ್ದು ಎರಡು ಸ್ಪ್ರಿಂಗುಗಳ ಕಾಲದ ಹೊಂದಾಣಿಕೆ.

ಹಾಗಾದರೆ ಬ್ಯಾಟರಿ ಹಾಕಿದ ಪಿಸ್ತೂಲನ್ನು ನಂಬುವುದು ಹೇಗೆ? ಬ್ಯಾಟರಿ ಹಾಕಿಕೊಂಡೇ, ಕರ್ತವ್ಯದ ವೇಳೆ ಒಯ್ಯುವ ಅದೇ ಮ್ಯಾಗಜಿನ್, ಅದೇ ತೋಟೆ ಬಳಸಿ ಹಾರಿಸಿ ನೋಡಬೇಕು. ಎಷ್ಟು ಸಲ? ಗಣಿತ ಬೇಸರವೆನ್ನುವವರು ಇಲ್ಲಿ ಕ್ಯಾಲ್ಕ್ಯುಲೇಟರ್ ಹಿಡಿಯಿರಿ. ಸರಾಸರಿ ನೂರಕ್ಕೆ ಒಂದು ತೋಟೆ ಸಿಕ್ಕಿಕೊಳ್ಳುವ ಪಿಸ್ತೂಲು ಇದೆ ಎನ್ನಿ. ಒಂದು ಸಲ ಸರಿಯಾಗಿ ಹಾರುವ ಸಂಭವ 0.99. ಸತತ 50 ಸಲ ಹಾರುವ ಸಂಭವ 0.99ನ್ನು 50 ಸಲ ಗುಣಿಸಿದಷ್ಟು, ಅಂದರೆ ನೂರಕ್ಕೆ 60. ಕೆಟ್ಟ ಪಿಸ್ತೂಲೂ ಅರ್ಧಕ್ಕಿಂತ ಹೆಚ್ಚು ಸಲ ಈ ಪರೀಕ್ಷೆಯಲ್ಲಿ ಪಾಸು! 200 ಸಲಕ್ಕೆ ಆ ಸಂಭವ ನೂರಕ್ಕೆ 13ಕ್ಕೆ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಕತ್ತಲೆಯ ಮನೆಯೊಳಗೆ ಹೊಕ್ಕ ಪೇದೆಗೆ ಆ ಹದಿಮೂರು ಚಿಕ್ಕ ಸಂಖ್ಯೆಯಲ್ಲ.

ಸಿನೆಮಾ ತೋರಿಸದ ಇನ್ನೊಂದು ತೊಡಕೂ ಇದೆ. ಪಿಸ್ತೂಲಿಗೆ ಹಾಕಿದ ಬೆಳಕು ಎಲ್ಲಿ ಬೀಳುತ್ತದೋ ಪಿಸ್ತೂಲಿನ ಮೂತಿಯೂ ಅಲ್ಲಿಗೇ ತಿರುಗಿರುತ್ತದೆ. ಬಾಗಿಲ ಹಿಂದೆ ಅಡಗಿರುವುದು ಹೆದರಿದ ಮಗುವೇ ಇರಬಹುದು. ಅದಕ್ಕಾಗಿ, ಪಿಸ್ತೂಲಿನಲ್ಲಿ ಬೆಳಕಿದ್ದರೂ ಹುಡುಕಾಟಕ್ಕೆಂದು ಕೈಬ್ಯಾಟರಿಯನ್ನು ಬೇರೆಯಾಗಿ ಒಯ್ಯಲು ತರಬೇತಿಯಲ್ಲಿ ಹೇಳಿಕೊಡುತ್ತಾರೆ.