ರಕ್ತಕ್ಕೆ ಗೋದಾಮಿಲ್ಲ



ಧಾರಣೆ ಏರುವವರೆಗೆ ಅಡಿಕೆಯನ್ನು ಮೂಟೆ ಕಟ್ಟಿ ಇಡಬಹುದು. ರಕ್ತಕ್ಕೆ ಆ ಸೌಕರ್ಯವಿಲ್ಲ. ಕೆಂಪು ಕಣಗಳಿಗೆ ಹೆಚ್ಚೆಂದರೆ 42 ದಿನ, ಪ್ಲೇಟ್‌ಲೆಟ್‌ಗೆ ಸಾಮಾನ್ಯವಾಗಿ 5 ದಿನ ಆಯುಸ್ಸು. 2020ರಲ್ಲಿ ಕೊರೋನಾದಿಂದ ಕಾಲೇಜುಗಳು ಮುಚ್ಚಿ ರಕ್ತದಾನ ಶಿಬಿರಗಳು ನಿಂತವು. ಹೆರಿಗೆಗಳು ನಿಲ್ಲಲಿಲ್ಲ, ಅಡಿಕೆ ಮರದಿಂದ ಬೀಳುವುದೂ ನಿಲ್ಲಲಿಲ್ಲ. 2021ರಲ್ಲಿ ಲಸಿಕೆ ಪಡೆದವರು ಮೊದಲು 28 ದಿನ, ಮೇ ತಿಂಗಳಿಂದ 14 ದಿನ ಕಾಯಬೇಕಾಯಿತು. ಆಸ್ಪತ್ರೆಯ ಮೆಟ್ಟಿಲಿಗೇ ಹೆದರಿದವರಲ್ಲಿ ನಾವೂ ಇದ್ದೆವು, ಮುಚ್ಚಿಡುವುದೇಕೆ?

ದಾನದ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಕ್ಕೆ ಪರೀಕ್ಷಿಸಿಯೇ ರೋಗಿಗೆ ಕೊಡುತ್ತಾರೆ. ಅದಕ್ಕೆ ಸಮಯ ಬೇಕು. ಆದುದರಿಂದ ಅವಘಡವಾದ ಮೇಲೆ ಮಾದಿಹಳ್ಳಿಯಿಂದ ಹಾಸನಕ್ಕೆ ಓಡುವುದಕ್ಕಿಂತ, ಮೊದಲೇ ಕೊಟ್ಟಿದ್ದುದೇ ಜೀವ ಉಳಿಸುವುದು. ವರ್ಷಕ್ಕೊಂದು ಶಿಬಿರ ಸಾಲದು. ಕಾಫಿ ಕೊಯ್ಲಿನಲ್ಲೂ ತಿಂಗಳಿಗೆ ನಾಲ್ವರಂತೆ ಸರದಿ ಹೋಗಬೇಕೆಂಬುದು ನಮ್ಮ ಅಭಿಪ್ರಾಯ. ಹೆಸರು, ರಕ್ತದ ಗುಂಪು ಬರೆಯುವ ಪುಸ್ತಕ ಸಂಘದ ಕಚೇರಿಯಲ್ಲಿದೆ.