ಸೈಕಲ್‌ಗಳ ಊರಿಗೆ ಹೊರಟಿದ್ದೀರಾ? ನಿಮ್ಮ ಔಷಧಿಯ ಪಟ್ಟಿ ನೋಡಿಕೊಳ್ಳಿ

ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ನಗರವು 2023ರ ಡಿಸೆಂಬರ್ 8ರಿಂದ ಹೆಚ್ಚಿನ ರಸ್ತೆಗಳಲ್ಲಿ ವಾಹನಗಳ ವೇಗಮಿತಿಯನ್ನು ಗಂಟೆಗೆ 50ರಿಂದ 30 ಕಿ.ಮೀ.ಗೆ ಇಳಿಸಿದೆ. ವೇಗ ತಗ್ಗಿದಷ್ಟೂ ಡಿಕ್ಕಿಯ ಪೆಟ್ಟು ತಗ್ಗುತ್ತದೆ. ಹಾಗೆಂದು ಮಕ್ಕಳ ಮನೆಗೆ ಹೋಗುವ ಹಿರಿಯರು ಮೈಮರೆಯುವಂತಿಲ್ಲ. ಅಲ್ಲಿ ಸೈಕಲ್‌ಗಳು ಸದ್ದಿಲ್ಲದೆ ಬರುತ್ತವೆ.

ನಡೆಯುವವರು ಗಮನಿಸಿ: ಕೆಂಪು ಬಣ್ಣದ ದಾರಿ ಸಾಮಾನ್ಯವಾಗಿ ಸೈಕಲ್ ಪಥ, ಕಾಲುದಾರಿಯಲ್ಲ. ಅಲ್ಲಿ ಸಂಚಾರ ರಸ್ತೆಯ ಬಲಬದಿಯಲ್ಲಿ. ಆದ್ದರಿಂದ ದಾಟುವಾಗ ಮೊದಲು ಎಡಕ್ಕೆ, ನಂತರ ಬಲಕ್ಕೆ ನೋಡಿ.

ಸೈಕಲ್ ತುಳಿಯುವವರು ಗಮನಿಸಿ: ಹಲವು ಬಾಡಿಗೆ ಸೈಕಲ್‌ಗಳಲ್ಲಿ ಪೆಡಲ್ ಹಿಂದಕ್ಕೆ ಒತ್ತಿದರೆ ಬ್ರೇಕ್ ಬೀಳುತ್ತದೆ. ಜನರಿಲ್ಲದ ಕಡೆ ಅಭ್ಯಾಸ ಮಾಡಿಕೊಳ್ಳಿ. ಟ್ರಾಮ್ ಹಳಿಯ ಸಂದಿಗೆ ಚಕ್ರ ಸಿಲುಕದಂತೆ ಹಳಿಗೆ ನೇರ ಅಡ್ಡಲಾಗಿ ದಾಟಿ. ಸಾಮಾನ್ಯ ಸೈಕಲ್‌ಗೆ ಅಲ್ಲಿ ಹೆಲ್ಮೆಟ್ ಕಡ್ಡಾಯವಿಲ್ಲ. ಸ್ಥಳೀಯರಲ್ಲಿ ಹೆಚ್ಚಿನವರು ಹಾಕುವುದೂ ಇಲ್ಲ. ನೀವು ಮಾತ್ರ ಹಾಕಿಕೊಳ್ಳಿ.

ಏಕೆಂದರೆ ವಾರ್ಫರಿನ್‌ನಂತಹ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಔಷಧಿ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾದರೆ, ಹೊರಗೆ ಗಾಯ ಕಾಣದಿದ್ದರೂ ಒಳಗೆ ರಕ್ತಸ್ರಾವವಾಗಬಹುದು. 'ಸ್ವಲ್ಪ ಹೊತ್ತು ನೋಡೋಣ' ಎಂದು ಕಾಯಬೇಡಿ. ಕೂಡಲೇ ವೈದ್ಯರಿಗೆ ತೋರಿಸಿ. ತುರ್ತು ಸಂಖ್ಯೆ 112. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸೈಕಲ್ ತುಳಿತದಿಂದ ಸಕ್ಕರೆ ಅಂಶ ಇಳಿಯಬಹುದು, ಗ್ಲೂಕೋಸ್ ಜೇಬಿನಲ್ಲಿರಲಿ.

ಆರೈಕೆ ಮಾಡುವವರು ಔಷಧಿಗಳ ಹೆಸರನ್ನು, ಬ್ರ್ಯಾಂಡ್ ಅಲ್ಲ, ಮೂಲ ಹೆಸರನ್ನೇ ಇಂಗ್ಲಿಷ್‌ನಲ್ಲಿ ಬರೆದು ರೋಗಿಯ ಕೈಚೀಲದಲ್ಲಿಡಿ. ನಡೆಯಲು ಕಷ್ಟವಿರುವವರು ಮನೆಯಲ್ಲೇ ಕೂರಬೇಕಿಲ್ಲ: ಅಂಗವಿಕಲರ ಮೊಬಿಲಿಟಿ ಸ್ಕೂಟರ್‌ಗೆ ಅಲ್ಲಿ ಕಾಲುದಾರಿಯಲ್ಲೂ ಸೈಕಲ್ ಪಥದಲ್ಲೂ ಅವಕಾಶವಿದೆ.