ಯುದ್ಧದ ರಸ್ತೆಯಿಂದ ಊರಿನ ರಸ್ತೆಗೆ

ಯುದ್ಧ ಮುಗಿಸಿ ಮನೆಗೆ ಮರಳಿದ ಸೈನಿಕನಿಗೆ ಇನ್ನು ಗಂಡಾಂತರವಿಲ್ಲ ಎಂದು ಎಲ್ಲರೂ ಭಾವಿಸುತ್ತಾರೆ. ಅಮೆರಿಕದ ಅನುಭವ ಹಾಗಿಲ್ಲ. ವಿಯೆಟ್ನಾಂನಲ್ಲಿ ಹೋರಾಡಿ ಬಂದವರ ಬಗ್ಗೆ ಅಲ್ಲಿನ ರೋಗ ನಿಯಂತ್ರಣ ಕೇಂದ್ರ 1987ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸೇನೆಯಿಂದ ಬಿಡುಗಡೆಯಾದ ಮೊದಲ ಐದು ವರ್ಷಗಳಲ್ಲಿ ಅವರ ಸಾವಿನ ಪ್ರಮಾಣ, ಅದೇ ಅವಧಿಯಲ್ಲಿ ಬೇರೆಡೆ ಸೇವೆ ಸಲ್ಲಿಸಿದ್ದ ಸೈನಿಕರಿಗಿಂತ ಹೆಚ್ಚಾಗಿತ್ತು. ಅದರ ಮುಖ್ಯ ಕಾರಣಗಳಲ್ಲಿ ವಾಹನ ಅಪಘಾತವೂ ಒಂದು. 1991ರ ಕೊಲ್ಲಿ ಯುದ್ಧದಲ್ಲಿ ಪಾಲ್ಗೊಂಡ ಸುಮಾರು ಏಳು ಲಕ್ಷ ಮಂದಿಯನ್ನು ಕುರಿತು 1996ರಲ್ಲಿ ಹೊರಬಂದ ಅಧ್ಯಯನವೂ ಇದನ್ನೇ ಹೇಳಿತು: ರೋಗರುಜಿನಗಳಿಂದ ಸತ್ತವರ ಪ್ರಮಾಣ ಹೆಚ್ಚಿರಲಿಲ್ಲ, ಅಪಘಾತಗಳಲ್ಲಿ ಸತ್ತವರದು ಹೆಚ್ಚಿತ್ತು. ಸೈನಿಕ ಕುಟುಂಬಗಳಿಗೆ ವಿಮೆ ಒದಗಿಸುವ ಯುಎಸ್‌ಎಎ ಸಂಸ್ಥೆ 2012ರಲ್ಲಿ ತನ್ನ ಗ್ರಾಹಕರ ಲೆಕ್ಕ ತೆಗೆದಾಗ, ವಿದೇಶಿ ನಿಯೋಜನೆಯಿಂದ ಮರಳಿದ ಆರು ತಿಂಗಳಲ್ಲಿ ಅವರದೇ ತಪ್ಪಿನಿಂದಾದ ಅಪಘಾತಗಳು, ನಿಯೋಜನೆಗೆ ಮುಂಚಿನ ಆರು ತಿಂಗಳಿಗೆ ಹೋಲಿಸಿದರೆ ಶೇ 13ರಷ್ಟು ಹೆಚ್ಚಿದ್ದವು.

ಮೂರು ತಲೆಮಾರಿನ ಯೋಧರ ವಿಷಯದಲ್ಲಿ ಒಂದೇ ಬಗೆಯ ಫಲಿತಾಂಶ ಬಂದಿರುವಾಗ ಅದನ್ನು ಕೇವಲ ಹರೆಯದ ಹುಂಬತನ ಎನ್ನಲಾಗದು. ಇದಕ್ಕೆ ಉತ್ತರವನ್ನು ಇರಾಕ್ ಮತ್ತು ಅಫ್ಗಾನಿಸ್ತಾನದ ರಸ್ತೆಗಳಲ್ಲಿ ಹುಡುಕಬೇಕು. ಅಲ್ಲಿ ಅಮೆರಿಕದ ಸೈನಿಕರನ್ನು ಹೆಚ್ಚಾಗಿ ಬಲಿ ತೆಗೆದುಕೊಂಡದ್ದು ರಸ್ತೆ ಬದಿಯಲ್ಲಿ ಹುದುಗಿಸಿಟ್ಟ ಸ್ಫೋಟಕಗಳು. ಅವುಗಳಿಂದ ಪಾರಾಗಲು ಅವರಿಗೆ ಹೇಳಿಕೊಟ್ಟ ಪಾಠಗಳು ಬೇರೆಯೇ ಇದ್ದವು. ರಸ್ತೆಯ ನಟ್ಟನಡುವೆ ವೇಗವಾಗಿ ಸಾಗಬೇಕು. ಯಾವ ಕಾರಣಕ್ಕೂ ನಿಲ್ಲಬಾರದು. ಬೇರೆ ವಾಹನಗಳನ್ನು ಹತ್ತಿರ ಬಿಟ್ಟುಕೊಳ್ಳಬಾರದು. ಮೇಲ್ಸೇತುವೆ ಎದುರಾದರೆ ತಟ್ಟನೆ ಪಥ ಬದಲಿಸಬೇಕು. ಕಸದ ರಾಶಿಯನ್ನಾಗಲಿ ಸತ್ತ ಪ್ರಾಣಿಯನ್ನಾಗಲಿ ಕಂಡರೆ ದೂರದಿಂದಲೇ ಬಳಸಿಕೊಂಡು ಹೋಗಬೇಕು. ಈ ಚಾಲನೆಗೆ ಎಷ್ಟೋ ಇರಾಕಿ ನಾಗರಿಕರು ಬೆಲೆ ತೆತ್ತರು ಎಂಬುದನ್ನೂ ಮರೆಯುವಂತಿಲ್ಲ. ಆದರೆ ಸೈನಿಕನ ಮಟ್ಟಿಗೆ ಅದು ಬದುಕಿ ಉಳಿಯುವ ವಿದ್ಯೆ. ತಿಂಗಳುಗಟ್ಟಲೆ ಹಗಲಿರುಳು ರೂಢಿಸಿಕೊಂಡ ಆ ವಿದ್ಯೆ, ವಿಮಾನವೇರಿ ಊರಿಗೆ ಬಂದಿಳಿದ ಮಾತ್ರಕ್ಕೆ ಮರೆತುಹೋಗುವುದಿಲ್ಲ. ಟೆಕ್ಸಾಸ್‌ನ ಹೆದ್ದಾರಿಯಲ್ಲಿ ಬಿದ್ದ ಹರಿದ ಟೈರು ಕೂಡ ಅವನ ಕಣ್ಣಿಗೆ ಬಾಂಬಿನಂತೆ ಕಾಣಬಹುದು. ಹಿಂದಿನಿಂದ ಹತ್ತಿರ ಬಂದ ಕಾರು ಶತ್ರುವಿನದೆನಿಸಬಹುದು. ಯೋಚನೆ ಎಚ್ಚೆತ್ತುಕೊಳ್ಳುವ ಮೊದಲೇ ಕೈ ಸ್ಟಿಯರಿಂಗನ್ನು ತಿರುಗಿಸಿರುತ್ತದೆ.

ಇದರ ಮೇಲೆ ಗಾಯಗಳ ಹೊರೆ. ಈ ಎರಡು ಯುದ್ಧಗಳಲ್ಲಿ 1,600ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಕೈ ಅಥವಾ ಕಾಲು ಕಳೆದುಕೊಂಡರು. ಕಣ್ಣಿಗೆ ಕಾಣದ ಗಾಯಗಳ ಲೆಕ್ಕ ಇನ್ನೂ ದೊಡ್ಡದು. ಅಲ್ಲಿನ ರಕ್ಷಣಾ ಇಲಾಖೆಯ ಅಂಕಿಅಂಶಗಳಂತೆ 2000ದಿಂದೀಚೆಗೆ ಮಿದುಳಿನ ಪೆಟ್ಟಿಗೆ ಒಳಗಾದ ಸೈನಿಕರು ಐದು ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಲಘು ಸ್ವರೂಪದವು, ಎಲ್ಲವೂ ರಣರಂಗದಲ್ಲಿ ಆದವುಗಳೂ ಅಲ್ಲ. ಆದರೆ ವಾಹನ ಚಾಲನೆಯ ಮಟ್ಟಿಗೆ ‘ಲಘು’ ಎಂಬ ಮಾತು ದಾರಿ ತಪ್ಪಿಸುವಂಥದ್ದು. ಗಮನ ಚದುರುವುದು, ಎರಡು ಸಂಗತಿಗಳನ್ನು ಏಕಕಾಲಕ್ಕೆ ಗ್ರಹಿಸಲಾಗದಿರುವುದು, ಪ್ರತಿಕ್ರಿಯೆ ಅರೆಕ್ಷಣ ತಡವಾಗುವುದು - ಮನೆಯ ಜಗಲಿಯಲ್ಲಿ ಕುಳಿತಾಗ ಇವು ಯಾರ ಗಮನಕ್ಕೂ ಬಾರವು. ಗಂಟೆಗೆ ನೂರು ಕಿಲೊಮೀಟರ್ ವೇಗದಲ್ಲಿ ಅವೇ ಜೀವ ತೆಗೆಯಬಲ್ಲವು.

ಇಂಥವರನ್ನು ಮತ್ತೆ ಚಾಲಕರನ್ನಾಗಿ ರೂಪಿಸುವ ಕೆಲಸದಲ್ಲಿ ತೊಡಗಿರುವವರು ಆಕ್ಯುಪೇಷನಲ್ ಥೆರಪಿಸ್ಟ್‌ಗಳು. ಹೆಸರು ಕೇಳಿದರೆ ಉದ್ಯೋಗ ಕೊಡಿಸುವವರು ಎನಿಸಬಹುದು. ವಾಸ್ತವದಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುವುದರಿಂದ ಹಿಡಿದು ಅಡುಗೆ ಮಾಡುವವರೆಗೆ, ಮನುಷ್ಯ ದಿನನಿತ್ಯ ತಾನೇ ಮಾಡಿಕೊಳ್ಳಬೇಕಾದ ಕೆಲಸಗಳನ್ನು ಕಾಯಿಲೆ ಅಥವಾ ಗಾಯ ಕಸಿದುಕೊಂಡಾಗ ಅವನ್ನು ಮರಳಿ ಕಲಿಸುವುದು ಇವರ ವೃತ್ತಿ. ಈ ವೃತ್ತಿಗೂ ಯುದ್ಧಕ್ಕೂ ಹುಟ್ಟಿನಿಂದಲೇ ನಂಟಿದೆ. ಇದರ ಮೊದಲ ಸಂಘ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಸ್ಥಾಪನೆಯಾದದ್ದು 1917ರಲ್ಲಿ, ಅಮೆರಿಕ ಮೊದಲ ಮಹಾಯುದ್ಧಕ್ಕೆ ಧುಮುಕಿದ ವರ್ಷದಲ್ಲಿ. ಗಾಯಾಳು ಸೈನಿಕರ ಆರೈಕೆಗೆಂದು ನೇಮಕಗೊಂಡ ಮಹಿಳೆಯರಿಂದಲೇ ಅದು ಬೆಳೆಯಿತು.

ಅಮೆರಿಕದ ಮಾಜಿ ಸೈನಿಕರ ಇಲಾಖೆಯ ಆಸ್ಪತ್ರೆಗಳಲ್ಲಿ ನಡೆಯುವ ಚಾಲನಾ ಪುನಶ್ಚೇತನದ ಕ್ರಮ ಹೀಗಿರುತ್ತದೆ. ಮೊದಲು ಕೊಠಡಿಯೊಳಗಿನ ಪರೀಕ್ಷೆ: ದೃಷ್ಟಿಯ ವ್ಯಾಪ್ತಿ, ಕೈಕಾಲುಗಳ ಬಲ, ಕುತ್ತಿಗೆ ಎಷ್ಟು ತಿರುಗುತ್ತದೆ, ನೆನಪು, ಗಮನ, ಪ್ರತಿಕ್ರಿಯೆಯ ವೇಗ. ಸೌಲಭ್ಯವಿರುವ ಕಡೆ ಸಿಮ್ಯುಲೇಟರ್ ಮುಂದೆ ಕೂರಿಸಿ ನಿಜವಾದ ರಸ್ತೆಯಲ್ಲಿ ಸೃಷ್ಟಿಸಲಾಗದ ಸನ್ನಿವೇಶಗಳನ್ನು ಎದುರಿಸುವಂತೆ ಮಾಡುತ್ತಾರೆ. ಆಮೇಲೆ ತರಬೇತುದಾರರ ಬದಿಯಲ್ಲೂ ಬ್ರೇಕ್ ಇರುವ ಕಾರಿನಲ್ಲಿ, ಮೊದಲು ನಿರ್ಜನ ಬೀದಿ, ಕ್ರಮೇಣ ಸಂತೆಯಂಥ ದಟ್ಟಣೆ. ಕಾಲಿಲ್ಲದವರಿಗೆ ಕೈಯಿಂದಲೇ ವೇಗ ಮತ್ತು ಬ್ರೇಕ್ ನಿಯಂತ್ರಿಸುವ ಸಾಧನ, ಬಲಗಾಲು ಕಳೆದುಕೊಂಡವರಿಗೆ ಎಡಗಾಲಿನ ಆಕ್ಸಿಲರೇಟರ್, ಒಂದೇ ಕೈ ಇರುವವರಿಗೆ ಸ್ಟಿಯರಿಂಗ್ ಮೇಲೆ ಹಿಡಿಗುಬ್ಬಿ - ಯಾರಿಗೆ ಯಾವುದು ಒಗ್ಗುತ್ತದೆಂದು ನಿರ್ಧರಿಸುವುದೂ, ಅದನ್ನು ಬಳಸಲು ಕಲಿಸುವುದೂ ಇದರ ಭಾಗ. ಮೇಲ್ಸೇತುವೆ ಕಂಡರೆ ಬೆವರುವವರಿಗೆ ಯಾವ ಉಪಕರಣವೂ ಇಲ್ಲ. ತನ್ನನ್ನು ಕೆರಳಿಸುವುದು ಯಾವುದೆಂದು ಗುರುತಿಸುವುದು, ಕಣ್ಣನ್ನು ಮನೆಯ ಚಾವಣಿಗಳಿಂದ ರಸ್ತೆಗೆ ಇಳಿಸುವುದು, ಉಸಿರನ್ನು ಹಿಡಿತಕ್ಕೆ ತಂದುಕೊಳ್ಳುವುದು ಇವನ್ನು ಪಕ್ಕದಲ್ಲಿ ಕುಳಿತು ಮತ್ತೆ ಮತ್ತೆ ಅಭ್ಯಾಸ ಮಾಡಿಸುವುದೇ ಅಲ್ಲಿ ಚಿಕಿತ್ಸೆ.

ಇದರಿಂದ ಪ್ರಯೋಜನವುಂಟೇ ಎಂಬ ಪ್ರಶ್ನೆ ಸಹಜ. ಫ್ಲಾರಿಡಾ ವಿಶ್ವವಿದ್ಯಾಲಯದ ಶೆರಿಲೀನ್ ಕ್ಲಾಸೆನ್ ಅವರ ನೇತೃತ್ವದ ಸಂಶೋಧಕರು ಯುದ್ಧದಿಂದ ಮರಳಿದವರನ್ನು ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿದ್ದಾರೆ. ಒಂದು ಗುಂಪಿಗೆ ಸಾಮಾನ್ಯ ರಸ್ತೆ ಸುರಕ್ಷತೆಯ ಪಾಠ. ಇನ್ನೊಂದಕ್ಕೆ ಥೆರಪಿಸ್ಟ್‌ಗಳು ಆಯಾ ವ್ಯಕ್ತಿಯ ತಪ್ಪುಗಳನ್ನು ಗುರುತಿಸಿ ನೀಡಿದ ತರಬೇತಿ. ಸಿಮ್ಯುಲೇಟರ್‌ನಲ್ಲಿ ಎರಡನೆಯ ಗುಂಪಿನವರ ತಪ್ಪುಗಳು ಹೆಚ್ಚು ಕಡಿಮೆಯಾದವು. ಅಧ್ಯಯನ ಸಣ್ಣದು, ಸಿಮ್ಯುಲೇಟರ್ ಎಂಬುದು ರಸ್ತೆಯೂ ಅಲ್ಲ. ಆದರೂ ಅದು ಸೂಚಿಸುವ ಸಂಗತಿ ಮುಖ್ಯವಾದುದು: ಎಲ್ಲರಿಗೂ ಒಂದೇ ಉಪದೇಶ ನೀಡುವುದು ಸಾಲದು, ಈ ಒಬ್ಬ ಚಾಲಕ ಎಲ್ಲಿ ಎಡವುತ್ತಾನೆ ಎಂದು ನೋಡುವ ಕಣ್ಣು ಬೇಕು.

ಯುವ ಯೋಧರ ಕತೆಯಷ್ಟನ್ನೇ ನೋಡಿದರೆ ಚಿತ್ರ ಅಪೂರ್ಣ. ಅಮೆರಿಕದ ಮಾಜಿ ಸೈನಿಕರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ 65 ದಾಟಿದವರು. ಇಲಾಖೆಯ ಆಸ್ಪತ್ರೆಗಳಲ್ಲಿ ಕಾಲು ತೆಗೆಸಿಕೊಳ್ಳುವವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆ ಮತ್ತು ರಕ್ತನಾಳದ ರೋಗಗಳಿಗೆ ತುತ್ತಾದವರು. ವಿಯೆಟ್ನಾಂನಲ್ಲಿ ಹೋರಾಡಿದವರಿಗೆ ಈಗ ಪಾರ್ಶ್ವವಾಯು, ಮರೆವು, ಮಂದದೃಷ್ಟಿ. ಇವರಲ್ಲಿ ಕೆಲವರಿಗೆ ಥೆರಪಿಸ್ಟ್ ಹೇಳಬೇಕಾದ ಮಾತು ‘ಇನ್ನು ನೀವು ಕಾರು ಓಡಿಸಬೇಡಿ’ ಎಂಬುದು. ಆ ಮಾತು ಆಡುವುದು ಸುಲಭವಲ್ಲ. ಮಾಜಿ ಸೈನಿಕರಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಗ್ರಾಮೀಣ ಪ್ರದೇಶಗಳಲ್ಲಿದ್ದಾರೆ. ಬಸ್ಸು ಸುಳಿಯದ ಆ ಊರುಗಳಲ್ಲಿ ಕಾರಿನ ಕೀಲಿ ಕೈತಪ್ಪಿತೆಂದರೆ ಆಸ್ಪತ್ರೆ, ಅಂಗಡಿ, ಚರ್ಚು, ಗೆಳೆಯರ ಮನೆ ಎಲ್ಲವೂ ಕೈತಪ್ಪಿದಂತೆ. ಅದೇ ಭಯದಿಂದ ತೊಂದರೆಯನ್ನು ಮುಚ್ಚಿಡುವವರೂ ಇದ್ದಾರೆ. ಪರೀಕ್ಷೆಗೆ ಹೋದರೆ ಲೈಸೆನ್ಸ್ ಹೋದೀತು ಎಂಬ ಅಳುಕು ದೂರವಾಗಬೇಕಾದರೆ, ಪರೀಕ್ಷಿಸುವವರು ಪರ್ಯಾಯ ದಾರಿಯನ್ನೂ ತೋರಿಸುವವರಾಗಿರಬೇಕು. ಚಾಲನೆ ನಿಲ್ಲಿಸಿದವರು ಇನ್ನು ಹೇಗೆ ಓಡಾಡಬಹುದು ಎಂದು ಯೋಜಿಸಿಕೊಡುವುದು ಕೂಡ ಈ ವೃತ್ತಿಯ ಹೊಣೆಯೇ.

ಅಮೆರಿಕ ಈ ಋಣವನ್ನು ತೀರಿಸಿಲ್ಲವೆಂದಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಂಗ ಕಳೆದುಕೊಂಡವರಿಗೆ ಕಾರು ಕೊಳ್ಳಲು 1,600 ಡಾಲರ್ ನೆರವು ನೀಡುವ ಕಾನೂನನ್ನು ಅಲ್ಲಿನ ಸಂಸತ್ತು 1946ರಲ್ಲೇ ಮಾಡಿತು. ಆ ನೆರವು 2025ರ ಹೊತ್ತಿಗೆ 27 ಸಾವಿರ ಡಾಲರ್ ಆಸುಪಾಸಿಗೆ ಏರಿತ್ತು. ಜೀವಮಾನದಲ್ಲಿ ಒಮ್ಮೆ ಮಾತ್ರ ಎಂದಿದ್ದ ಕಟ್ಟುಪಾಡನ್ನು 2023ರ ಜನವರಿಯಲ್ಲಿ ಅಂಕಿತ ಬಿದ್ದ ಕಾನೂನು ಸಡಿಲಿಸಿದೆ. ಇದು ಮೆಚ್ಚತಕ್ಕದ್ದೇ. ಆದರೆ ಹಣ ಮಂಜೂರು ಮಾಡುವುದು ಸುಲಭ, ಮನುಷ್ಯರನ್ನು ಒದಗಿಸುವುದು ಕಷ್ಟ. ಇಲಾಖೆಯ ಅಡಿಯಲ್ಲಿರುವ ಸುಮಾರು 170 ದೊಡ್ಡ ಆಸ್ಪತ್ರೆಗಳ ಪೈಕಿ ಒಂದು ಭಾಗದಲ್ಲಿ ಮಾತ್ರ ಚಾಲನಾ ಪುನಶ್ಚೇತನದ ತಜ್ಞರಿದ್ದಾರೆ. ಆಕ್ಯುಪೇಷನಲ್ ಥೆರಪಿಯ ಪದವಿ ಪಡೆದ ಬಳಿಕವೂ ಈ ಕೆಲಸಕ್ಕೆ ಪ್ರತ್ಯೇಕ ತರಬೇತಿ ಬೇಕು. ಒಬ್ಬ ತಜ್ಞ ಒಂದು ಹೊತ್ತಿಗೆ ಒಬ್ಬನನ್ನೇ ಕಾರಿನಲ್ಲಿ ಕೂರಿಸಿಕೊಳ್ಳಬಲ್ಲ. ಹೊರಗಡೆ ಈ ಸೇವೆ ಪಡೆಯೋಣವೆಂದರೆ ಖಾಸಗಿ ವಿಮೆ ಸಾಮಾನ್ಯವಾಗಿ ಇದರ ವೆಚ್ಚ ಭರಿಸುವುದಿಲ್ಲ.

ಇಂಥ ಹೊತ್ತಿನಲ್ಲಿ ಟ್ರಂಪ್ ಆಡಳಿತ ಇದೇ ಇಲಾಖೆಯ ಸಿಬ್ಬಂದಿಗೆ ಕತ್ತರಿ ಹಾಕಿತು. 2025ರ ಮಾರ್ಚ್‌ನಲ್ಲಿ ಬಹಿರಂಗವಾದ ಯೋಜನೆಯಲ್ಲಿ ಸುಮಾರು 80 ಸಾವಿರ ಹುದ್ದೆಗಳ ಕಡಿತದ ಮಾತಿತ್ತು. ವಿರೋಧ ಎದ್ದ ಮೇಲೆ, ಸಾಮೂಹಿಕ ವಜಾ ಬೇಕಿಲ್ಲ, ನಿವೃತ್ತಿ ಮತ್ತು ರಾಜೀನಾಮೆಗಳಿಂದಲೇ ಆ ಹಣಕಾಸು ವರ್ಷದ ಕೊನೆಗೆ ಸುಮಾರು 30 ಸಾವಿರ ಮಂದಿ ಕಡಿಮೆಯಾಗುತ್ತಾರೆ ಎಂದು ಇಲಾಖೆ ಜುಲೈನಲ್ಲಿ ಪ್ರಕಟಿಸಿತು. ಚಿಕಿತ್ಸೆಗೆ ಧಕ್ಕೆಯಾಗದು ಎಂಬ ಭರವಸೆಯನ್ನೂ ಕೊಟ್ಟಿತು. ವೈದ್ಯರು, ದಾದಿಯರ ಮಟ್ಟಿಗೆ ಆ ಭರವಸೆ ನಿಜವೆಂದೇ ಇಟ್ಟುಕೊಳ್ಳೋಣ. ಆಸ್ಪತ್ರೆಯ ಲೆಕ್ಕದಲ್ಲಿ ಮೊದಲು ‘ಅತ್ಯವಶ್ಯವಲ್ಲ’ ಎನಿಸುವುದು ಇಂಥ ಸೇವೆಗಳೇ ಎಂಬುದನ್ನು ಹೇಳಲು ಜ್ಯೋತಿಷಿ ಬೇಕಿಲ್ಲ. ಊರಿಗೊಬ್ಬರೇ ತಜ್ಞರಿರುವಲ್ಲಿ ಆ ಒಬ್ಬರು ನಿವೃತ್ತರಾದರೆ ಯಾರನ್ನೂ ವಜಾ ಮಾಡದೆಯೇ ಸೇವೆ ನಿಂತುಹೋಗುತ್ತದೆ. ತುರ್ತು ಚಿಕಿತ್ಸೆ ತಪ್ಪಿದರೆ ಸಾವು ಆಸ್ಪತ್ರೆಯ ದಾಖಲೆಗೆ ಸೇರುತ್ತದೆ. ಚಾಲನಾ ತರಬೇತಿ ತಪ್ಪಿದರೆ ಸಾವು ಪೊಲೀಸ್ ಠಾಣೆಯ ದಾಖಲೆಗೆ ಸೇರುತ್ತದೆ. ಎದುರಿನ ಕಾರಿನಲ್ಲಿದ್ದವರ ಸಾವೂ ಅಲ್ಲಿಗೇ. ಯುದ್ಧದ ವೆಚ್ಚವೆಂದು ಅದನ್ನು ಯಾರೂ ಬರೆದಿಡುವುದಿಲ್ಲ.

ಇದು ದೂರದ ದೇಶದ ಸಂಗತಿ ಎಂದು ನಾವು ಸುಮ್ಮನಿರಬೇಕಿಲ್ಲ. ಆಕ್ಯುಪೇಷನಲ್ ಥೆರಪಿಯನ್ನು ಭಾರತಕ್ಕೆ ತಂದವರು ಅಮೆರಿಕದಲ್ಲಿ ಹುಟ್ಟಿ, ಮರಾಠಿ ಮನೆತನದ ಸೊಸೆಯಾಗಿ ಬಂದ ಕಮಲಾ ನಿಂಬಕರ್. 1950ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಅವರು ಮೊದಲ ಶಾಲೆ ತೆರೆದರು. ಈಗ ನಮ್ಮ ಮಣಿಪಾಲ ಸೇರಿದಂತೆ ಹಲವೆಡೆ ಈ ಶಿಕ್ಷಣವಿದೆ. ಗಾಯಾಳು ಸೈನಿಕರನ್ನು ನೋಡಿಕೊಳ್ಳುವ ಪರಂಪರೆಯೂ ನಮ್ಮಲ್ಲಿ ಹಳೆಯದು. ಮೊದಲ ಮಹಾಯುದ್ಧದ ಅಂಗವಿಕಲ ಯೋಧರಿಗೆಂದು 1917ರಲ್ಲಿ ಮುಂಬೈನಲ್ಲಿ ಆರಂಭವಾದ ಕ್ವೀನ್ ಮೇರೀಸ್ ತಾಂತ್ರಿಕ ಸಂಸ್ಥೆ ಪುಣೆಯ ಖಡ್ಕಿಯಲ್ಲಿ ನೆಲೆಗೊಂಡಿದೆ. ಕೃತಕ ಅಂಗ ಕೇಂದ್ರವೂ, ಬೆನ್ನುಹುರಿಗೆ ಪೆಟ್ಟು ಬಿದ್ದ ಯೋಧರ ಪುನಶ್ಚೇತನ ಕೇಂದ್ರವೂ ಪುಣೆಯಲ್ಲಿವೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಂದ ತಿದ್ದುಪಡಿ ಅಂಗವಿಕಲರಿಗಾಗಿ ಮಾರ್ಪಡಿಸಿದ ವಾಹನಗಳಿಗೆ ಪ್ರತ್ಯೇಕ ವ್ಯಾಖ್ಯೆ ಕೊಟ್ಟಿದೆ. ಆದರೆ ನಮ್ಮ ಕಾನೂನು ನೋಡುವುದು ವಾಹನವನ್ನು, ವೈದ್ಯರ ಪ್ರಮಾಣಪತ್ರವನ್ನು ಮತ್ತು ಆರ್‌ಟಿಒ ಪರೀಕ್ಷೆಯ ಫಲಿತಾಂಶವನ್ನು. ಪ್ರಮಾಣಪತ್ರಕ್ಕೂ ಪರೀಕ್ಷೆಗೂ ನಡುವೆ ಚಾಲಕನನ್ನು ಕೂರಿಸಿಕೊಂಡು ಕಲಿಸುವ ತಜ್ಞರಿಗೆ ಅದರಲ್ಲಿ ಸ್ಥಾನವಿಲ್ಲ. ಗಡಿಯಲ್ಲಿ ನೆಲಬಾಂಬಿಗೆ ಕಾಲು ತೆತ್ತವರಿಗಷ್ಟೇ ಅಲ್ಲ, ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡು ಮತ್ತೆ ಆಟೊ ಓಡಿಸಲೇಬೇಕಾದ ಬಡಪಾಯಿಗೂ ಇದು ಬೇಕಾದ ಸೇವೆ. ಆರೋಗ್ಯ ಪೂರಕ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗ ರಚಿಸುವ ಕಾಯ್ದೆ 2021ರಲ್ಲೇ ಬಂದಿದ್ದು, ಆಕ್ಯುಪೇಷನಲ್ ಥೆರಪಿಯೂ ಅದರ ವ್ಯಾಪ್ತಿಯಲ್ಲಿದೆ. ಸಾರಿಗೆ ಇಲಾಖೆ ಮತ್ತು ಈ ವೃತ್ತಿಯವರು ಒಂದೆಡೆ ಕುಳಿತು ಮಾತನಾಡಲು ಕಾನೂನಿನ ಅಡ್ಡಿಯೇನೂ ಇಲ್ಲ.

ಅಮೆರಿಕದಿಂದ ಕಲಿಯಬೇಕಾದ ಪಾಠ ಎರಡು ಬಗೆಯದು. ಗಾಯಗೊಂಡವನ ಓಡಾಟದ ಸ್ವಾತಂತ್ರ್ಯವನ್ನು ಮರಳಿ ದೊರಕಿಸುವುದು ದಾನವಲ್ಲ, ರಾಜ್ಯದ ಕರ್ತವ್ಯ ಎಂದು 1946ರಲ್ಲೇ ಒಪ್ಪಿಕೊಂಡದ್ದು ಒಂದು. ಹಣ ಮತ್ತು ಸಾಧನಗಳನ್ನು ಕೊಟ್ಟು, ಅವುಗಳನ್ನು ಬಳಸಲು ಕಲಿಸುವವರನ್ನೇ ಕಡಿಮೆ ಮಾಡಿದರೆ ಆ ಕರ್ತವ್ಯ ಅರ್ಧಕ್ಕೆ ನಿಲ್ಲುತ್ತದೆ ಎಂಬುದು ಇನ್ನೊಂದು. ಸೈನಿಕನಿಗೆ ಯುದ್ಧದ ರಸ್ತೆಯಲ್ಲಿ ವಾಹನ ಓಡಿಸಲು ಕಲಿಸಿದ್ದು ಸರ್ಕಾರ. ಊರಿನ ರಸ್ತೆಯಲ್ಲಿ ಓಡಿಸಲು ಮತ್ತೆ ಕಲಿಸುವುದನ್ನು ಅವನ ಅದೃಷ್ಟಕ್ಕೆ ಬಿಡಲಾಗದು.